‘ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬಾ’: ಡೇಟಿಂಗ್ ಆ್ಯಪ್‌ಗಳಿಗೆ ಗುಂಪು ಬಂದ ಕಥೆ

ಕಳೆದ ತಿಂಗಳು ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದೆ. ಗೆಳೆಯನೊಬ್ಬ ಬಂದು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಅವನಿಗೆ ಮೂವತ್ತನಾಲ್ಕು ವರ್ಷ. ಎರಡೂವರೆ ಎಕರೆ ಜಮೀನು, ನಾಲ್ಕು ಹಸು, ದಿನಾ ಡೈರಿಗೆ ಹಾಲು. ಆರು ವರ್ಷದಿಂದ ಹೆಣ್ಣು ನೋಡುತ್ತಿದ್ದಾರೆ, ಕೂಡಿ ಬಂದಿಲ್ಲ. ಅವನ ಡೇಟಿಂಗ್ ಆ್ಯಪ್‌ನಲ್ಲಿ ಹೊಸದೊಂದು ಬಟನ್ ಬಂದಿತ್ತು. ಗೆಳೆಯನನ್ನು ಸೇರಿಸಿಕೊಂಡು ಜೋಡಿಯಾಗಿ ಬಂದರೆ, ಅತ್ತ ಕಡೆಯಿಂದಲೂ ಇಬ್ಬರು ಗೆಳತಿಯರು ಜೋಡಿಯಾಗಿ ಸಿಗಬಹುದು ಎನ್ನುವುದು ಅದರ ಲೆಕ್ಕ.

‘ನೀನು ಬತ್ತೀಯೇನ್ಲಾ?’ ಅಂದ.

‘ನಂಗೆ ಮದ್ವೆ ಆಗೈತೆ ಕಣೋ’ ಅಂದೆ. ಟೀ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ.

ಮನೆಗೆ ಬಂದ ಮೇಲೂ ಆ ಬಟನ್ ತಲೆಯಿಂದ ಹೋಗಲಿಲ್ಲ. ಡೇಟಿಂಗ್ ಆ್ಯಪ್ ಅಂದರೆ ಯಾರಿಗೂ ಗೊತ್ತಾಗದಂತೆ, ಒಬ್ಬರೇ ಕೂತು, ಹೆಬ್ಬೆರಳಲ್ಲಿ ಫೋಟೊ ಸರಿಸುವ ಕೆಲಸ ಅಂತ ತಾನೇ ನಾವೆಲ್ಲ ತಿಳಿದಿರೋದು? ಹಾಗಿದ್ದ ಮೇಲೆ ಈಗ ಗೆಳೆಯರನ್ನು ಕರೆತಾ ಅಂತ ಯಾಕೆ ಹೇಳುತ್ತಿದೆ? ಹುಡುಕಿ ಓದಿದೆ. ಇದು ಹೊಸದೇನೂ ಅಲ್ಲ. ಕಂಪನಿಗಳು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಗುಂಪನ್ನು ತರುವುದು, ಕೈಬಿಡುವುದು, ಮತ್ತೆ ತರುವುದು ಮಾಡುತ್ತಲೇ ಇವೆ. ಆ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ದೊಡ್ಡ ಪಾತ್ರ ಇದೆ.

ಮೊದಲು ಒಂಟಿ ಮಾಡಿದರು

ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲೂ ಅನುಕೂಲಸ್ಥರ ಮನೆಗಳಲ್ಲಿ ಹುಡುಗ ಹುಡುಗಿಯ ಮನೆಗೇ ಬರಬೇಕಿತ್ತು. ಪಡಸಾಲೆಯಲ್ಲಿ ಕೂತು ಮಾತಾಡಬೇಕಿತ್ತು. ತಾಯಿಯೋ ಅತ್ತೆಯೋ ಅಲ್ಲೇ ಸುತ್ತಮುತ್ತ ಇರುತ್ತಿದ್ದರು. ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೂ ಅದಕ್ಕೂ ಬಹಳ ದೂರವೇನಿಲ್ಲ. ಪಟ್ಟಣಗಳು ಬೆಳೆದವು, ಸಿನಿಮಾ ಮಂದಿರ ಬಂತು, ಕಾರು ಬಂತು. ಜೋಡಿ ಮನೆಯಿಂದ ಹೊರಗೆ ಹೋಯಿತು, ಹಿರಿಯರು ಪಡಸಾಲೆಯಲ್ಲೇ ಉಳಿದರು. ‘ಡೇಟಿಂಗ್’ ಅನ್ನೋ ಪದ ಈ ಅರ್ಥದಲ್ಲಿ ಚಾಲ್ತಿಗೆ ಬಂದದ್ದು ಆ ಕಾಲದಲ್ಲೇ.

ಆಮೇಲೆ ಕಂಪ್ಯೂಟರ್ ಬಂತು. 1965ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ‘ಆಪರೇಷನ್ ಮ್ಯಾಚ್’ ಶುರು ಮಾಡಿದರು. ಉದ್ದನೆಯ ಪ್ರಶ್ನೆಪಟ್ಟಿಗೆ ಉತ್ತರ ತುಂಬಿ, 3 ಡಾಲರ್ ಜೊತೆ ಅಂಚೆಯಲ್ಲಿ ಕಳಿಸಬೇಕು. ಕಂಪ್ಯೂಟರ್ ತಾಳೆ ನೋಡಿ ಕೆಲವು ಹೆಸರು ಕೊಡುತ್ತಿತ್ತು. ಗೆಳೆಯರು, ನೆಂಟರು, ಊರು ಯಾವುದೂ ನಡುವೆ ಬರುತ್ತಿರಲಿಲ್ಲ. ಒಬ್ಬ ಮನುಷ್ಯ, ಒಂದು ಫಾರಂ, ಒಂದು ಯಂತ್ರ, ಅಷ್ಟೆ. 1995ರಲ್ಲಿ ಇಂಟರ್‌ನೆಟ್‌ಗೆ ಬಂದ ಮ್ಯಾಚ್ ಡಾಟ್ ಕಾಮ್ ಕೂಡ ನಡೆದದ್ದು ಇದೇ ದಾರಿಯಲ್ಲಿ.

ಅದೇ ದಶಕದ ಕೊನೆಗೆ ಭಾರತದಲ್ಲಿ ಶಾದಿ ಡಾಟ್ ಕಾಮ್, ಭಾರತ್ ಮ್ಯಾಟ್ರಿಮೊನಿ ಥರದ ತಾಣಗಳು ಬಂದವು. ಆದರೆ ನಮ್ಮವರು ಕಂಪ್ಯೂಟರ್ ಮುಂದೆ ಒಂಟಿಯಾಗಿ ಕೂರಲಿಲ್ಲ. ಅಪ್ಪ ಫೋಟೊ ಆರಿಸಿದ, ಅಕ್ಕ ಫಾರಂ ತುಂಬಿದಳು, ಮಾವ ಜಾತಕ ನೋಡಿದ. ಆ ತಾಣಗಳು ಜಾತಿ, ಉಪಜಾತಿ, ಭಾಷೆ ಅಂತ ಕಳ್ಳಿ ಮಾಡಿ ಕೊಟ್ಟವು. ಕನ್ನಡಕ್ಕೇ ಬೇರೆ ವಿಭಾಗ ಬಂತು. ಅಲ್ಲಿ ಗುಂಪು ಬಿಟ್ಟುಹೋಗಿರಲೇ ಇಲ್ಲ. ಗುಂಪಿಗೆ ಒಂದು ಪಾಸ್‌ವರ್ಡ್ ಸಿಕ್ಕಿತ್ತು.

ಗೆಳೆಯನ ಗೆಳೆಯ

2002ರಲ್ಲಿ ಅಮೆರಿಕದಲ್ಲಿ ಜೊನಾಥನ್ ಅಬ್ರಾಮ್ಸ್ ಅನ್ನೋರು ‘ಫ್ರೆಂಡ್‌ಸ್ಟರ್’ ಕಟ್ಟಿದರು. ಗುರುತೇ ಇಲ್ಲದವರನ್ನು ಭೇಟಿ ಮಾಡುವ ಬದಲು, ಗೆಳೆಯರ ಗೆಳೆಯರನ್ನು ಪರಿಚಯ ಮಾಡಿಕೊಳ್ಳಲಿ ಅನ್ನೋದು ಅವರ ಯೋಚನೆ. ನಡುವೆ ಒಬ್ಬ ಇಬ್ಬರಿಗೂ ಗೊತ್ತಿದ್ದರೆ ಯಾರೂ ಪೂರ್ತಿ ಸುಳ್ಳು ಹೇಳೋದಕ್ಕೆ ಆಗಲ್ಲ ಅಲ್ಲವೇ? ಡೇಟಿಂಗ್ ತಾಣಗಳಿಗೆ ಪೈಪೋಟಿಯಾಗಿ ಹುಟ್ಟಿದ ಇದು ಕೊನೆಗೆ ಸೋಷಿಯಲ್ ಮೀಡಿಯಾದ ಮೊದಲ ದೊಡ್ಡ ತಾಣಗಳಲ್ಲಿ ಒಂದಾಯಿತು. ಅಂದರೆ ಇವತ್ತು ನಾವು ನೋಡುವ ‘ಫ್ರೆಂಡ್ಸ್ ಲಿಸ್ಟ್’ನ ಬೇರು ಒಂದು ಕಡೆ ಜೊತೆಗಾರರನ್ನು ಹುಡುಕೋ ಆಸೆಯಲ್ಲೇ ಇದೆ.

2004ರಲ್ಲಿ ಆರ್ಕುಟ್ ಬಂತು. ನನ್ನ ವಯಸ್ಸಿನವರಿಗೆ ಇದು ಇತಿಹಾಸವಲ್ಲ, ನೆನಪು. ಪಿಯುಸಿ ಓದುವಾಗ ತಾಲೂಕು ಕೇಂದ್ರದ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ದುಡ್ಡು ಕೊಟ್ಟು, ಪರದೆ ಎಳೆದ ಕ್ಯಾಬಿನ್‌ನಲ್ಲಿ ಮೂವರು ಒಂದೇ ಕುರ್ಚಿಗೆ ಆತುಕೊಂಡು ಸ್ಕ್ರಾಪ್ ಓದಿದವರು ನಾವು. ಆರ್ಕುಟ್ ಡೇಟಿಂಗ್ ತಾಣ ಅಲ್ಲ. ಆದರೆ ಪ್ರೊಫೈಲ್‌ನಲ್ಲಿ ‘ಡೇಟಿಂಗ್‌ಗೆ ಆಸಕ್ತಿ’ ಅಂತ ಹಾಕಲು ಜಾಗ ಇತ್ತು. ಗೆಳೆಯರು ನಿಮ್ಮ ಬಗ್ಗೆ ‘ಟೆಸ್ಟಿಮೋನಿಯಲ್’ ಬರೆಯಬಹುದಿತ್ತು, ನಂಬಿಕಸ್ತ ಅಂತ ಅಂಕ ಕೊಡಬಹುದಿತ್ತು. ‘ಕ್ರಶ್ ಲಿಸ್ಟ್’ ಅಂತಲೂ ಒಂದಿತ್ತು. ನೀವು ಒಬ್ಬರ ಹೆಸರು ಅದರಲ್ಲಿ ಹಾಕಿ, ಅವರೂ ನಿಮ್ಮ ಹೆಸರು ಹಾಕಿದ್ದರೆ ಮಾತ್ರ ಇಬ್ಬರಿಗೂ ಗೊತ್ತಾಗುತ್ತಿತ್ತು. ಎಂಟು ವರ್ಷದ ನಂತರ ಬಂದ ಟಿಂಡರ್‌ನ ‘ಮ್ಯಾಚ್’ ಇದಕ್ಕಿಂತ ಬಹಳ ಬೇರೆಯಲ್ಲ.

ಆರ್ಕುಟ್‌ನಲ್ಲಿ ಗುಂಪೂ ಇತ್ತು, ಗುಟ್ಟೂ ಇತ್ತು. ಭಾರತದಲ್ಲಿ ಅದು ಅಷ್ಟು ಓಡಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತೆ. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು.

ಅಮೆರಿಕದಲ್ಲಿ ಸೋತು ಭಾರತದಲ್ಲಿ ಓಡಿದ ತಾಣ

ನನಗೆ ತುಂಬ ಹಿಡಿಸಿದ ಕಥೆ ಇದು. 2008ರಲ್ಲಿ ಮೂವರು ಅಮೆರಿಕನ್ ಯುವಕರು ‘ಇಗ್ನೈಟರ್’ ಅನ್ನೋ ತಾಣ ಶುರು ಮಾಡಿದರು. ಒಬ್ಬೊಬ್ಬರೇ ಭೇಟಿಯಾಗೋದು ಮುಜುಗರ, ಗೆಳೆಯರ ಗುಂಪೊಂದು ಇನ್ನೊಂದು ಗುಂಪನ್ನು ಭೇಟಿಯಾಗಲಿ ಅನ್ನೋದು ಅವರ ಐಡಿಯಾ. ಅಮೆರಿಕದಲ್ಲಿ ಅದು ಹೇಳಿಕೊಳ್ಳುವಂತೆ ಓಡಲಿಲ್ಲ. ಅಲ್ಲಿನವರಿಗೆ ಇಬ್ಬರೇ ಹೋಗೋದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾಲ್ಕು ಜನರ ಸಮಯ ಹೊಂದಿಸೋ ತಲೆನೋವು ಯಾಕೆ ಬೇಕು?

ಆದರೆ ಲೆಕ್ಕ ನೋಡಿದಾಗ ಏಷ್ಯಾದಿಂದ, ಅದರಲ್ಲೂ ಭಾರತದಿಂದ ಜನ ಬಂದು ಸೇರುತ್ತಿದ್ದರು. ಇಲ್ಲಿಗಾಗಿ ಅವರು ಮಾಡಿದ್ದೇ ಅಲ್ಲ ಅದು. 2011ರ ಹೊತ್ತಿಗೆ ಅವರು ಅಮೆರಿಕವನ್ನು ಬದಿಗಿಟ್ಟು ಭಾರತದ ಕಂಪನಿಯಾಗಲು ತೀರ್ಮಾನಿಸಿದರು. ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲೂ ಬಂತು.

ಇಲ್ಲಿ ಯಾಕೆ ಓಡಿತು? ಕಾಲೇಜಿಗೆ ಹೋದ ಯಾರನ್ನು ಬೇಕಾದರೂ ಕೇಳಿ. ‘ಒಬ್ಬ ಹುಡುಗನ ಜೊತೆ ಹೋಗ್ತೀನಿ’ ಅಂತ ಮನೆಯಲ್ಲಿ ಹೇಳೋಕಾಗಲ್ಲ. ‘ಫ್ರೆಂಡ್ಸ್ ಜೊತೆ ಹೋಗ್ತೀನಿ’ ಅಂತ ಹೇಳಬಹುದು. ಆ ಎರಡನೇ ವಾಕ್ಯ ಸುಳ್ಳೂ ಅಲ್ಲ. ಹುಡುಗಿಗೆ ಜೊತೆಯಲ್ಲಿ ಗೆಳತಿ ಇರುವ ಧೈರ್ಯ, ಮನೆಯವರಿಗೆ ಸಮಾಧಾನ, ನೋಡಿದವರಿಗೆ ಅನುಮಾನ ಕಡಿಮೆ. ಅಮೆರಿಕದವನಿಗೆ ಹೊರೆಯಾಗಿದ್ದ ಗುಂಪು ಇಲ್ಲಿ ಅನುಮತಿ ಚೀಟಿಯಾಯಿತು.

ಮುಂದೆ ಅದರ ಹೆಸರು ‘ಸ್ಟೆಪ್‌ಔಟ್’ ಎಂದಾಯಿತು. ನಿಧಾನಕ್ಕೆ ಅದೂ ಒಬ್ಬರಿಗೊಬ್ಬರು ಪರಿಚಯವಾಗುವ ಮಾಮೂಲಿ ತಾಣದ ಕಡೆಗೇ ಹೊರಳಿತು.

ನೋಡುವವರು ಯಾರು?

ಗುಂಪಿನಲ್ಲಿ ಭೇಟಿಯಾಗೋದು ಜಪಾನಿನಲ್ಲಿ ಆ್ಯಪ್‌ಗಿಂತ ಹಳೆಯ ಪದ್ಧತಿ. ಅದಕ್ಕೆ ‘ಗೋಕೊನ್’ ಅಂತಾರೆ. ಮೂವರು ಹುಡುಗರು, ಮೂವರು ಹುಡುಗಿಯರು ಅಥವಾ ಹೀಗೇ ಸಮ ಸಂಖ್ಯೆಯಲ್ಲಿ ಒಂದು ಮೇಜಿನ ಸುತ್ತ ಕೂತು ಊಟ ಮಾಡೋದು. ಎರಡೂ ಕಡೆ ಗೊತ್ತಿರುವ ಒಬ್ಬೊಬ್ಬರು ಅದನ್ನು ಏರ್ಪಾಡು ಮಾಡುತ್ತಾರೆ. 2004ರಲ್ಲಿ ಉತ್ಸುನೊಮಿಯ ಎಂಬ ಊರಿನಲ್ಲಿ ಇದನ್ನೇ ಊರಿಗೆ ಊರೇ ಮಾಡಿದ ಹಾಗೆ ಮಾಡಿದರು. ಅನೇಕ ಹೋಟೆಲುಗಳು ಸೇರಿ ನೂರಾರು ಅವಿವಾಹಿತರನ್ನು ಕರೆದವು. ಆಮೇಲೆ ಅದು ಬೇರೆ ಊರುಗಳಿಗೂ ಹಬ್ಬಿತು.

ಹಾಗಂತ ಅಲ್ಲಿಯ ಜನಕ್ಕೆ ಆ್ಯಪ್‌ನಲ್ಲೂ ಎಲ್ಲರ ಕಣ್ಣಿಗೆ ಬೀಳೋ ಆಸೆ ಇತ್ತು ಅಂದುಕೊಳ್ಳಬೇಡಿ. 2012ರಲ್ಲಿ ಬಂದ ‘ಪೇರ್ಸ್’ ಅನ್ನೋ ಜಪಾನಿ ಆ್ಯಪ್ ಫೇಸ್‌ಬುಕ್ ಮೂಲಕ ಲಾಗಿನ್ ಮಾಡಿಸುತ್ತಿತ್ತು. ಆದರೆ ಆ ಮಾಹಿತಿಯನ್ನು ಬಳಸಿದ್ದು ನಿಮ್ಮ ಫೇಸ್‌ಬುಕ್ ಗೆಳೆಯರಿಗೆ ನೀವು ಕಾಣದ ಹಾಗೆ ಮಾಡೋದಕ್ಕೆ. ಬದಲಿಗೆ ಅದರಲ್ಲಿ ‘ಕಮ್ಯುನಿಟಿ’ಗಳಿದ್ದವು. ನಾಯಿ ಸಾಕೋರು, ಅಡುಗೆ ಇಷ್ಟಪಡೋರು ಹೀಗೆ. ಸೇರಿದ ಕಮ್ಯುನಿಟಿ ನೋಡಿ ಮನುಷ್ಯ ಎಂಥವನು ಅಂತ ಅಂದಾಜು ಮಾಡಬಹುದಿತ್ತು.

ಟಿಂಡರ್ ಇದಕ್ಕೆ ತದ್ವಿರುದ್ಧ ಮಾಡಿ ಪೆಟ್ಟು ತಿಂದಿತು. 2016ರಲ್ಲಿ ‘ಟಿಂಡರ್ ಸೋಷಿಯಲ್’ ಅಂತ ತಂದರು. ಇವತ್ತು ರಾತ್ರಿ ಹೊರಗೆ ಹೊರಟಿರುವ ಗೆಳೆಯರು ಗುಂಪು ಮಾಡಿಕೊಂಡು ಇನ್ನೊಂದು ಗುಂಪಿನ ಜೊತೆ ಸೇರಬಹುದು. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಗುಂಪು ತಾನೇ ಅಳಿಸಿಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಪರೀಕ್ಷೆಗೆ ಬಿಟ್ಟಾಗ ಗಲಾಟೆ ಆಯಿತು. ಗುಂಪು ಕಟ್ಟಲಿ ಅಂತ ನಿಮ್ಮ ಫೇಸ್‌ಬುಕ್ ಗೆಳೆಯರಲ್ಲಿ ಯಾರ್ಯಾರು ಟಿಂಡರ್‌ನಲ್ಲಿ ಇದ್ದಾರೆ ಅನ್ನೋದನ್ನು ಅದು ತೋರಿಸಿಬಿಟ್ಟಿತ್ತು. ಯಾರನ್ನೂ ಮೊದಲು ಕೇಳಿರಲಿಲ್ಲ. ಆಮೇಲೆ ಬೇಕಾದವರು ಮಾತ್ರ ಸೇರುವಂತೆ ಬದಲಾಯಿಸಿದರು. ಆದರೂ ಅದು ನಿಲ್ಲಲಿಲ್ಲ. 2017ರಲ್ಲಿ ಅದನ್ನು ತೆಗೆದುಹಾಕಿದರು.

ಎರಡೂ ಆ್ಯಪ್ ಒಂದೇ ಗೆಳೆಯರ ಪಟ್ಟಿ ಹಿಡಿದುಕೊಂಡಿದ್ದವು. ಒಂದು ಅದನ್ನು ಪರದೆಯಾಗಿ ಬಳಸಿತು, ಇನ್ನೊಂದು ಟಾರ್ಚ್ ಆಗಿ. ಗುಂಪು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ ಉತ್ತರ ಸಿಗಲ್ಲ. ಯಾರು ನಮ್ಮನ್ನು ನೋಡ್ತಾರೆ, ಅದನ್ನು ತೀರ್ಮಾನ ಮಾಡೋದು ಯಾರು ಅಂತ ಕೇಳಬೇಕು. 2018ರ ಕೊನೆಗೆ ಬಂಬಲ್ ಭಾರತಕ್ಕೆ ಬಂದಾಗ ಇಲ್ಲಿನ ಹೆಣ್ಣುಮಕ್ಕಳು ಪೂರ್ತಿ ಹೆಸರಿನ ಬದಲು ಮೊದಲ ಅಕ್ಷರ ಮಾತ್ರ ತೋರಿಸಬಹುದು ಅಂತ ಅವಕಾಶ ಕೊಟ್ಟಿದ್ದು ಇದೇ ಭಯ ಗೊತ್ತಿದ್ದರಿಂದ.

ಹೊಣೆ ಯಾರದು?

ಗುಂಪು ಮತ್ತೆ ಮತ್ತೆ ಬರ್ತಾನೇ ಇದೆ. 2015ರ ಹೊತ್ತಿಗೆ ಲಂಡನ್‌ನಲ್ಲಿ ಶುರುವಾದ ‘ಮಜ್‌ಮ್ಯಾಚ್’ ಮುಸ್ಲಿಮರಿಗಾಗಿ ಮಾಡಿದ ಆ್ಯಪ್. ಈಗ ಅದರ ಹೆಸರು ‘ಮಜ್’. ಅದರಲ್ಲಿ ಬೇಕಾದವರು ಅಣ್ಣನನ್ನೋ ಅಪ್ಪನನ್ನೋ ‘ವಲಿ’ಯಾಗಿ ಸೇರಿಸಬಹುದು. ಮಾತುಕತೆಯ ಪ್ರತಿ ಅವರಿಗೂ ಹೋಗುತ್ತದೆ. ಹಳೆಯ ಪಡಸಾಲೆ ಫೋನಿನೊಳಗೆ ಬಂತು. ವ್ಯತ್ಯಾಸ ಇಷ್ಟೇ, ಇಲ್ಲಿ ಅದನ್ನು ಆರಿಸಿಕೊಳ್ಳೋದು ಆ್ಯಪ್ ಬಳಸುವವರು.

2023ರ ಅಕ್ಟೋಬರ್‌ನಲ್ಲಿ ಟಿಂಡರ್ ‘ಮ್ಯಾಚ್‌ಮೇಕರ್’ ಅಂತ ತಂದಿತು. ನೀವು ಹದಿನೈದು ಜನರ ತನಕ ಲಿಂಕ್ ಕಳಿಸಬಹುದು. ಗೆಳೆಯರು, ಅಕ್ಕತಂಗಿಯರು, ಬೇಕಾದರೆ ಅಜ್ಜಿ ಕೂಡ. ಅವರು 24 ಗಂಟೆಯೊಳಗೆ ‘ಈ ಹುಡುಗ ಅಡ್ಡಿಯಿಲ್ಲ’ ಅಂತ ಶಿಫಾರಸು ಮಾಡಬಹುದು. ಕೊನೆಯ ತೀರ್ಮಾನ ನಿಮ್ಮದೇ. 2025ರಲ್ಲಿ ಬಂದದ್ದು ‘ಡಬಲ್ ಡೇಟ್’. ನನ್ನ ಗೆಳೆಯ ತೋರಿಸಿದ ಬಟನ್‌ನ ಲೆಕ್ಕವೂ ಇದೇ. ಬಂಬಲ್ ಕೂಡ 2024ರಲ್ಲಿ ‘ಜಿನೀವಾ’ ಎಂಬ ಗುಂಪು ಹರಟೆಯ ಆ್ಯಪ್ ಕೊಂಡುಕೊಂಡಿತು. ಕಾರಣ ಸರಳ. ಒಬ್ಬರೇ ಫೋಟೊ ಸರಿಸಿ ಸರಿಸಿ ಜನಕ್ಕೆ ಬೇಜಾರಾಗಿದೆ. ದುಡ್ಡು ಕೊಟ್ಟು ಬಳಸುವವರು ಈ ಕಂಪನಿಗಳಿಗೆ ಕಡಿಮೆಯಾಗುತ್ತಿದ್ದಾರೆ.

ಆದರೆ ಇದನ್ನೆಲ್ಲ ಓದುವಾಗ ನನಗೆ ನಮ್ಮ ಸೀಮೆಯ ಮದುವೆ ದಲ್ಲಾಳಿಗಳು ನೆನಪಾದರು. ಕೊಡೆ ಹಿಡಿದುಕೊಂಡು ಬಸ್ಸಿನಲ್ಲಿ ಬರುತ್ತಿದ್ದವರು. ಸ್ವಲ್ಪ ಉಪ್ಪುಕಾರ ಹಚ್ಚಿ ಹೇಳುತ್ತಿದ್ದರು, ನಿಜ. ಆದರೆ ಗಂಡು ಕುಡುಕ ಅಂತ ಆಮೇಲೆ ಗೊತ್ತಾದರೆ ಹೆಣ್ಣಿನ ಅಪ್ಪ ಅವರ ಮನೆ ಬಾಗಿಲಿಗೇ ಹೋಗಿ ನಿಲ್ಲಬಹುದಿತ್ತು. ಮಧ್ಯಸ್ಥ ಅಂದರೆ ಬೈಸಿಕೊಳ್ಳೋದಕ್ಕೂ ಇರುವವನು. ಆ್ಯಪ್ ಮಧ್ಯಸ್ಥನ ಮಾತನ್ನು ತಂದಿದೆ, ಅವನ ಮನೆ ಬಾಗಿಲನ್ನು ತಂದಿಲ್ಲ. ಶಿಫಾರಸು ಮಾಡಿದ ಗೆಳೆಯನ ಹೊಣೆ 24 ಗಂಟೆಗೆ ಮುಗಿಯಿತು.

ಜಪಾನಿನಲ್ಲಿ ಈ ಹೊಣೆಯನ್ನು ಸರ್ಕಾರವೇ ಹೊತ್ತದ್ದೂ ಉಂಟು. ಟೋಕಿಯೊ ಆಡಳಿತ 2024ರಲ್ಲಿ ತನ್ನದೇ ಆ್ಯಪ್ ತಂದಿತು. ಸೇರಬೇಕಾದರೆ ಅವಿವಾಹಿತ ಅನ್ನೋದಕ್ಕೆ ಸರ್ಕಾರಿ ದಾಖಲೆ, ಆದಾಯಕ್ಕೆ ಪುರಾವೆ ಕೊಡಬೇಕು. ಸಂದರ್ಶನವೂ ಇದೆ. ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತಿದ್ದ ಸಂಗತಿಯನ್ನು ಮಹಾನಗರದಲ್ಲಿ ಕಾಗದ ನೋಡಿ ತಿಳಿಯಬೇಕಾಗಿದೆ.

ಹೆಣ್ಣುಮಕ್ಕಳು ಕಟ್ಟಿಕೊಂಡ ಗುಂಪು

ಕಂಪನಿಗಳು ಹೊಣೆ ಹೊರದಿದ್ದಾಗ ಹೆಣ್ಣುಮಕ್ಕಳು ತಾವೇ ಗುಂಪು ಕಟ್ಟಿದರು. 2022ರಲ್ಲಿ ನ್ಯೂಯಾರ್ಕ್‌ನಿಂದ ಶುರುವಾಗಿ ‘ನಾವಿಬ್ಬರೂ ಭೇಟಿಯಾಗ್ತಿರೋದು ಒಬ್ಬನನ್ನೇನಾ?’ ಎಂಬ ಅರ್ಥದ ಫೇಸ್‌ಬುಕ್ ಗುಂಪುಗಳು ಊರೂರಿಗೆ ಹರಡಿದವು. ಒಬ್ಬಳು ಗಂಡಸಿನ ಫೋಟೊ ಹಾಕಿ, ಇವನು ಯಾರಿಗಾದರೂ ಗೊತ್ತಾ ಅಂತ ಕೇಳೋದು. ಮದುವೆಯಾಗಿದ್ದಾನೆ, ಕೈ ಮಾಡ್ತಾನೆ, ಒಳ್ಳೆಯವನೇ ಅಂತ ಉಳಿದವರು ಹೇಳೋದು. ನಮ್ಮಲ್ಲಿ ಬಾವಿಕಟ್ಟೆ ಮಾಡುತ್ತಿದ್ದ ಕೆಲಸವೇ ಇದು.

ಇದೇ ಐಡಿಯಾ ‘ಟೀ’ ಅನ್ನೋ ಆ್ಯಪ್ ಆಯಿತು. ಹೆಂಗಸರೇ ಹೌದಾ ಅಂತ ಖಚಿತ ಮಾಡಿಕೊಳ್ಳಲು ಅದು ಸೆಲ್ಫಿ, ಗುರುತಿನ ಚೀಟಿ ತೆಗೆದುಕೊಂಡಿತ್ತು. 2025ರ ಜುಲೈನಲ್ಲಿ ಅದರಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಕಾಪಾಡಿಕೊಳ್ಳೋಕೆ ಅಂತ ಸೇರಿದವರ ಮುಖವೇ ಬೀದಿಗೆ ಬಿತ್ತು. ಅತ್ತ ಗಂಡಸರದ್ದೂ ಒಂದು ದೂರು ಇತ್ತು. ತಮ್ಮ ಮೇಲೆ ಯಾರೋ ಹೆಸರಿಲ್ಲದವರು ಬರೆದದ್ದಕ್ಕೆ ತಾವು ಉತ್ತರ ಕೊಡೋದು ಎಲ್ಲಿ ಅಂತ. ಎರಡೂ ನಿಜ. ಹೊಣೆಗಾರ ಇಲ್ಲದ ಗುಂಪು ಒಳ್ಳೆಯ ಕೆಲಸಕ್ಕೆ ಸೇರಿದರೂ ಅಪಾಯವೇ.

ಇನ್ನು ನಮ್ಮ ಕಡೆ

2022ರಲ್ಲಿ ಬೆಂಗಳೂರಿನ ‘ಐಲ್’ ಕಂಪನಿ ಕನ್ನಡಿಗರಿಗಾಗಿ ‘ನೀನೇ’ ಅನ್ನೋ ಆ್ಯಪ್ ತಂದಿತು. ಮಲಯಾಳಿಗಳಿಗೆ, ತಮಿಳರಿಗೆ, ತೆಲುಗರಿಗೆ ಬೇರೆ ಬೇರೆ ತಂದಿದ್ದರು. ಭಾಷೆಯೇ ಅಲ್ಲಿ ಗುಂಪು. ಮರುವರ್ಷ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಣ್ಣು ಸಿಗಲಿ ಅಂತ ಹರಕೆ. ರೈತನಿಗೆ ಹೆಣ್ಣು ಕೊಡ್ತಿಲ್ಲ ಅನ್ನೋ ನೋವನ್ನು ಅವರು ಒಟ್ಟಾಗಿ, ಹಗಲಲ್ಲಿ, ಊರಿನ ಕಣ್ಣೆದುರು ನಡೆದು ಹೇಳಿದರು. ಕೆಲವರು ನಕ್ಕರು. ನಾನು ಮಾತ್ರ ಅದನ್ನು ನಗೆಯ ಸುದ್ದಿಯಾಗಿ ನೋಡಲಾರೆ. ಯಾಕೆ ಅಂದರೆ ಆ ನೋವನ್ನು ಒಬ್ಬನೇ ಬಚ್ಚಿಟ್ಟುಕೊಂಡವನಿಗೆ ಏನಾಗುತ್ತದೆ ಅಂತ ಕಂಡಿದ್ದೇನೆ.

ಟೀ ಅಂಗಡಿಯಲ್ಲಿ ನಕ್ಕ ಅದೇ ಗೆಳೆಯ. ಎರಡು ವರ್ಷದ ಹಿಂದೆ ವಾಟ್ಸ್‌ಆ್ಯಪ್‌ನ ಒಂದು ‘ವಧು-ವರ’ ಗುಂಪಿಗೆ ಸೇರಿದ್ದ. ಇನ್ನೂರಕ್ಕೂ ಹೆಚ್ಚು ಜನ ಇದ್ದರು. ದಿನಾ ಫೋಟೊ, ದಿನಾ ಶುಭಾಶಯ, ‘ನಮಗೆ ಇಲ್ಲೇ ಕೂಡಿ ಬಂತು’ ಅಂತ ಮೆಸೇಜು. ಅಷ್ಟು ಜನ ಇದ್ದಾರೆ ಅನ್ನೋದೇ ಅವನಿಗೆ ನಂಬಿಕೆ. ನೋಂದಣಿ, ಹೆಣ್ಣಿನ ಕಡೆಯವರ ಬಸ್ ಚಾರ್ಜು, ಯಾರದೋ ಆಸ್ಪತ್ರೆ ಖರ್ಚು ಅಂತ ಮೂರು ಕಂತಿನಲ್ಲಿ 18,000 ರೂಪಾಯಿ ಕಳಿಸಿದ. ಆಮೇಲೆ ಗುಂಪಿನಿಂದ ಅವನನ್ನು ತೆಗೆದರು. ಅಷ್ಟು ಜನರಲ್ಲಿ ನಿಜವಾದವರು ಎಷ್ಟೋ ದೇವರಿಗೇ ಗೊತ್ತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೊದಲ ಕಂತಿಗೇ ಯಾರೋ ಒಬ್ಬರು ‘ಬ್ಯಾಡ ಕಣೋ’ ಅಂತಿದ್ದರು. ಪೊಲೀಸರಿಗೂ ಹೋಗಲಿಲ್ಲ. ದುಡ್ಡಿಗಿಂತ ಮರ್ಯಾದೆ ದೊಡ್ಡದು ಅಂದ.

ಗುಟ್ಟು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜಾತಿ ಮೀರಿ ಇಷ್ಟಪಟ್ಟ ಹುಡುಗಿಗೆ ಊರಿನ ಕಣ್ಣೇ ಮೊದಲ ಶತ್ರು. ಅವಳಿಗೆ ಆ ಮೊದಲ ಅಕ್ಷರ ಮಾತ್ರ ತೋರಿಸೋ ಪರದೆ ಬೇಕೇ ಬೇಕು. ನಮ್ಮ ಹಳೇ ಗುಂಪು ಕಾಯುತ್ತಿತ್ತು, ನಿಜ. ಕಾಯೋ ಹೆಸರಲ್ಲಿ ಕಟ್ಟಿಹಾಕುತ್ತಲೂ ಇತ್ತು.

ಆದ್ದರಿಂದ ನಿಮ್ಮ ಫೋನಿನಲ್ಲಿ ಇಂಥ ಗುಂಪಿನ ಬಟನ್ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ನನ್ನನ್ನು ಯಾರ್ಯಾರು ನೋಡ್ತಾರೆ, ಅದನ್ನು ನಾನು ಬದಲಾಯಿಸಬಹುದಾ? ಸುಳ್ಳಾದರೆ ನಾನು ಯಾರ ಬಾಗಿಲಿಗೆ ಹೋಗಲಿ? ಬೇಡ ಅನಿಸಿದ ದಿನ, ನಾನಾಗಲಿ ಅತ್ತಲಿನ ಹುಡುಗಿಯಾಗಲಿ, ಯಾರ ಹೆದರಿಕೆಯೂ ಇಲ್ಲದೆ ಎದ್ದುಹೋಗಬಹುದಾ? ಯಾರಾದರೂ ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಇರುವ ಸರ್ಕಾರಿ ಸಹಾಯವಾಣಿ.

ಮೊನ್ನೆ ಗೆಳೆಯನಿಗೆ ಹೇಳಿದೆ. ಜೋಡಿ ಪ್ರೊಫೈಲ್‌ಗೆ ನಾನು ಬರಲ್ಲ, ಆದರೆ ಯಾರಾದರೂ ಮಾತಿಗೆ ಸಿಕ್ಕರೆ, ದುಡ್ಡಿನ ವಿಷಯ ಬಂದರೆ, ಭೇಟಿಗೆ ಹೋಗೋದಿದ್ದರೆ, ನಂಗೆ ಒಂದು ಮಾತು ಹೇಳಿ ಹೋಗು ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಒಂದು ಮೆಸೇಜು ಬಂದೈತೆ. ನೋಡ್ತೀಯಾ?’ ಅಂದ.

ಇಬ್ಬರೂ ಸೇರಿ ಓದಿದೆವು.